ಮೆಕೆಂಜಿ ಎಂಬ ಹೆಸರಿನ ‘ಜಿ’ ಎಲ್ಲಿಂದ ಬಂತು?

ಲಿಪಿಪ್ರಿಯ:
ಎಲ್ಲರಿಗೂ ನಮಸ್ಕಾರ. ನಮ್ಮೂರಿನ ದೇವಸ್ಥಾನದ ಕೈಫಿಯತ್ತನ್ನು, ಎಂದರೆ ಹಿಂದೆ ಬರೆಸಿಟ್ಟ ಸ್ಥಳವೃತ್ತಾಂತವನ್ನು, ಆಧರಿಸಿ ಒಂದು ಸಣ್ಣ ಪುಸ್ತಿಕೆಯನ್ನು ಸಿದ್ಧಪಡಿಸುತ್ತಿದ್ದೇನೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯ ಮೋಜಣಿಯನ್ನು ವಹಿಸಿಕೊಂಡು, ಊರೂರಿನ ವೃತ್ತಾಂತಗಳನ್ನು ಬರೆಸಿ ಸಂಗ್ರಹಿಸಿದ ಕಾಲಿನ್ ಮೆಕೆಂಜಿಯ ಪರಿಚಯಕ್ಕೆ ಅದರಲ್ಲಿ ಅರ್ಧ ಪುಟ ಮೀಸಲಿದೆ. ಅಲ್ಲಿ ಹೀಗೆ ಬರೆದಿದ್ದೇನೆ: “ಮೆಕೆಂಜಿ ಎಂದರೆ ಕೆನೆತ್‌ನ ಮಗ. ಈ ಗೋತ್ರದವರೆಲ್ಲರೂ 1263ರ ಲಾರ್ಗ್ಸ್ ಕದನದಲ್ಲಿ ಸ್ಕಾಟ್ಲೆಂಡಿನ ದೊರೆಯ ಪರವಾಗಿ ಹೋರಾಡಿದ ಕಾಲಿನ್ ಫಿಟ್ಸ್‌ಜೆರಾಲ್ಡ್ ಎಂಬ ಐರ್ಲೆಂಡಿನ ವೀರನ ವಂಶಸ್ಥರು.” ಕರಡನ್ನು ಓದಿದ ಗೆಳೆಯರೊಬ್ಬರು ‘ಗೋತ್ರ’ ಎಂಬ ಪದವೂ ತಪ್ಪು, ಐರ್ಲೆಂಡಿನ ವೀರನ ಕಥೆಯೂ ತಪ್ಪು, ಕೊನೆಗೆ ‘ಮೆಕೆಂಜಿ’ ಎಂಬ ಉಚ್ಚಾರಣೆಯೂ ಮೂಲದ್ದಲ್ಲ ಎಂದಿದ್ದಾರೆ. ಮುದ್ರಣಕ್ಕೆ ಕೊಡುವ ಮೊದಲು ತಿಳಿದವರು ದಯವಿಟ್ಟು ತಿದ್ದಬೇಕು.

ಕಡತಗಾರ:
ಲಿಪಿಪ್ರಿಯ ಅವರೇ, ಐರ್ಲೆಂಡಿನ ವೀರನನ್ನು ಮೊದಲು ತೆಗೆದುಹಾಕಿ. ಕೆರಳಿದ ಸಾರಂಗದಿಂದ ದೊರೆ ಮೂರನೆಯ ಅಲೆಕ್ಸಾಂಡರ್‌ನನ್ನು ಕಾಪಾಡಿದ್ದಕ್ಕೆ, ಅಥವಾ ಲಾರ್ಗ್ಸ್‌ನಲ್ಲಿ ತೋರಿದ ಶೌರ್ಯಕ್ಕೆ, ಕಾಲಿನ್ ಫಿಟ್ಸ್‌ಜೆರಾಲ್ಡ್‌ಗೆ ಕಿನ್‌ಟೇಲ್ ಸೀಮೆ ಉಂಬಳಿಯಾಗಿ ದೊರೆಯಿತೆಂಬ ಕಥೆ ಹದಿನೇಳನೆಯ ಶತಮಾನದ ಮನೆತನದ ಚರಿತ್ರೆಗಳಲ್ಲಿ ಬೆಳೆದದ್ದು. ಅದಕ್ಕೆ ಆಧಾರವೆಂದು ತೋರಿಸುವ 1266ರ ಸನ್ನದು ನಂಬತಕ್ಕದ್ದಲ್ಲ ಎಂದು ಹತ್ತೊಂಬತ್ತನೆಯ ಶತಮಾನದಲ್ಲಿಯೇ ವಿಲಿಯಂ ಸ್ಕೀನ್ ಮೊದಲಾದ ವಿದ್ವಾಂಸರು ಹೇಳಿದ್ದಾರೆ. ಆ ಮನೆತನದ ಚರಿತ್ರೆಗಳಿಗಿಂತ ಹಳೆಯದಾದ, ‘1467ರ ಹಸ್ತಪ್ರತಿ’ ಎಂದೇ ಹೆಸರಾದ ಗೇಲಿಕ್ (ಸ್ಕಾಟ್ಲೆಂಡಿನ ಗುಡ್ಡಗಾಡು ಮತ್ತು ದ್ವೀಪಗಳ ಹಳೆಯ ಭಾಷೆ) ವಂಶಾವಳಿಯಲ್ಲಿ ಫಿಟ್ಸ್‌ಜೆರಾಲ್ಡ್‌ನ ಸುಳಿವೇ ಇಲ್ಲ. ಅದು ಮೆಕೆಂಜಿಗಳನ್ನೂ ಮ್ಯಾಥೆಸನ್ನರನ್ನೂ ಆರ್ಡ್ ಸೀಮೆಯ ಗಿಲ್ಲಿಯೋನ್ ಎಂಬ ಒಬ್ಬನೇ ಮೂಲಪುರುಷನಿಗೆ ಕೊಂಡೊಯ್ಯುತ್ತದೆ, ಎಂದರೆ ಅವರು ಗೇಲಿಕ್ ನಾಡಿನವರೇ.

ಆದರೂ ಕಥೆಯ ಬಲ ಎಷ್ಟಿತ್ತೆಂದರೆ, 1786ರಲ್ಲಿ ಕುಲದ ಮುಖ್ಯಸ್ಥ ಫ್ರಾನ್ಸಿಸ್ ಹಂಬರ್‌ಸ್ಟನ್ ಮೆಕೆಂಜಿಯು ಬೆಂಜಮಿನ್ ವೆಸ್ಟ್ ಎಂಬ ಹೆಸರಾಂತ ಕಲಾವಿದನಿಂದ ಸಾರಂಗದ ಪ್ರಸಂಗದ ಬೃಹತ್ ಚಿತ್ರವನ್ನೇ ಬರೆಸಿದ. ಅದು ಇಂದಿಗೂ ಎಡಿನ್‌ಬರೋದ ರಾಷ್ಟ್ರೀಯ ಕಲಾಸಂಗ್ರಹದಲ್ಲಿದೆ. ಹೀಗಾಗಿ ನಂಬಿಕೆಯನ್ನು ನಂಬಿಕೆಯೆಂದು ಹೇಳಿ ಉಳಿಸಿಕೊಳ್ಳುವುದಾದರೆ ನನ್ನ ತಕರಾರಿಲ್ಲ.

ಶಾರದಾ ಟೀಚರ್:
ಕಡತಗಾರರ ಮಾತಿಗೆ ನನ್ನ ಒಪ್ಪಿಗೆ ಇದೆ. ಆದರೆ ನನಗೆ ಹೆಚ್ಚು ಚುಚ್ಚಿದ್ದು ‘ಗೋತ್ರ’ ಎಂಬ ಪದ. ಗೋತ್ರವಾಗಲಿ, ಬೆಡಗಾಗಲಿ, ಕರಾವಳಿಯ ಬಳಿಯಾಗಲಿ, ಅವುಗಳ ಮೊದಲ ಕೆಲಸವೇ ಯಾರನ್ನು ಮದುವೆಯಾಗಬಾರದು ಎಂದು ಹೇಳುವುದು. ಸ್ಕಾಟ್ಲೆಂಡಿನ ಕ್ಲಾನ್‌ಗೆ ಆ ಕಟ್ಟುಪಾಡು ಇರಲಿಲ್ಲ. ಸೀಫೋರ್ತ್‌ನ ಮೂರನೆಯ ಅರ್ಲ್ ಕೆನೆತ್ ಮೆಕೆಂಜಿ ಕೈಹಿಡಿದವಳು ಟಾರ್‌ಬಟ್‌ನ ಮೆಕೆಂಜಿ ಮನೆತನದ ಮಗಳು ಇಸಬೆಲ್ಲಾ. ತವರಿನ ಹೆಸರೂ ಮೆಕೆಂಜಿ, ಸೇರಿದ ಮನೆಯ ಹೆಸರೂ ಮೆಕೆಂಜಿ. ‘ಗೋತ್ರ’ ಎಂದು ಬರೆದರೆ ನಮ್ಮ ಓದುಗರು ಇದನ್ನು ಸಗೋತ್ರ ವಿವಾಹವೆಂದು ತಿಳಿದು ಬೆಚ್ಚುತ್ತಾರೆ. ಗೇಲಿಕ್ ಭಾಷೆಯಲ್ಲಿ ‘ಕ್ಲಾನ್’ ಎಂದರೆ ‘ಮಕ್ಕಳು’ ಎಂದಷ್ಟೇ ಅರ್ಥ. ‘ಕುಲ’ ಎನ್ನಿ, ಇಲ್ಲವೇ ‘ಕ್ಲಾನ್’ ಎಂದೇ ಇಟ್ಟುಕೊಳ್ಳಿ.

ಇನ್ವರ್ನೆಸ್ ಕನ್ನಡಿಗ:
ಟೀಚರ್, ‘ಮಕ್ಕಳು’ ಎಂಬ ಅರ್ಥವನ್ನೂ ಅಕ್ಷರಶಃ ತೆಗೆದುಕೊಳ್ಳಬಾರದೆಂದು ನನಗನ್ನಿಸುತ್ತದೆ. ನಾನು ಕೆಲಸ ಮಾಡುವಲ್ಲಿ ಒಂದೇ ಪಾಳಿಗೆ ಮೂವರು ಮೆಕೆಂಜಿಗಳು ಬರುತ್ತಾರೆ, ಮೂವರಿಗೂ ಪರಸ್ಪರ ನಂಟಿಲ್ಲ. ಹಿಂದೆ ಮುಖ್ಯಸ್ಥನ ಭೂಮಿಯಲ್ಲಿ ಒಕ್ಕಲಿದ್ದವರು, ಅವನ ರಕ್ಷಣೆ ಬಯಸಿ ಬಂದವರು ಕೂಡ ಅವನ ಕುಲನಾಮವನ್ನು ತಮ್ಮದಾಗಿಸಿಕೊಂಡರು. ಇನ್ನೊಂದು ಕಡೆ ನೋಡಿದರೆ, ತಲೆಮಾರುಗಳ ಕಾಲ ಎದೆಯೊಡ್ಡಿ ಹೋರಾಡಿ ‘ಮೆಕೆಂಜಿಯ ಉಕ್ಕಿನ ಕವಚ’ ಎನ್ನಿಸಿಕೊಂಡವರು ಮೆಕ್ರೇಗಳು. ಅವರು ತಮ್ಮ ಹೆಸರನ್ನು ಬದಲಿಸಲೇ ಇಲ್ಲ.

ಊರೊಳಗಿನ ಬಳಕೆಯಂತೂ ಬೇರೆಯೇ. ಕಾಲಿನ್ ಮೆಕೆಂಜಿ ಹುಟ್ಟಿದ ಲೂಯಿಸ್ ದ್ವೀಪದ ಹಿರಿಯರೊಬ್ಬರು ನನ್ನೊಂದಿಗೆ ಮಾತನಾಡುವಾಗ ತಮ್ಮ ಕುಲನಾಮವನ್ನು ಹೇಳಲೇ ಇಲ್ಲ. ತಾವು ಇಂಥವರ ಮಗ, ಇಂಥವರ ಮೊಮ್ಮಗ ಎಂದು ಮೂರು ಹೆಸರುಗಳನ್ನು ಪೋಣಿಸಿದರು. ಅರ್ಧ ಊರಿಗೇ ಒಂದೇ ಅಡ್ಡಹೆಸರಿರುವಾಗ ಅದನ್ನು ಹೇಳಿ ಏನು ಪ್ರಯೋಜನ ಎಂದು ಅವರ ವಾದ. ಹಳೆ ಮೈಸೂರಿನ ಕಡೆ ಅಡ್ಡಹೆಸರಿಲ್ಲದೆ ತಂದೆಯ ಹೆಸರಿನ ಇನಿಷಿಯಲ್ ಇಟ್ಟುಕೊಂಡು ಬೆಳೆದ ನನಗೆ ಅದು ಬಹಳ ಹತ್ತಿರದ್ದೆನಿಸಿತು. ಹೆಂಗಸರ ಹೆಸರಿನಲ್ಲಿ ‘ಮ್ಯಾಕ್’ ಬರುವುದಿಲ್ಲ ಎಂಬುದನ್ನೂ ಅವರೇ ತಿಳಿಸಿದರು. ಗೇಲಿಕ್‌ನಲ್ಲಿ ‘ಮ್ಯಾಕ್’ ಮಗನಾದರೆ ಮಗಳಿಗೆ ‘ನಿಕ್’. ಇಂಗ್ಲಿಷಿನ ದಾಖಲೆಗಳಲ್ಲಿ ಈ ಭೇದ ಅಳಿಸಿಹೋಗಿ ಎಲ್ಲರೂ ‘ಮ್ಯಾಕ್’ ಆಗಿದ್ದಾರೆ.

ಕಡತಗಾರ:
ಇನ್ವರ್ನೆಸ್ ಅವರ ಮಾತಿಗೆ ದಾಖಲೆಯ ಒಂದು ಉದಾಹರಣೆಯನ್ನು ಸೇರಿಸುತ್ತೇನೆ. ನಾನು ಹೇಳಿದ ಫ್ರಾನ್ಸಿಸ್ ಹಂಬರ್‌ಸ್ಟನ್ ಮೆಕೆಂಜಿಗೆ ಗಂಡು ಸಂತಾನ ಉಳಿಯಲಿಲ್ಲ. ಆಸ್ತಿ ಮಗಳು ಮೇರಿಯ ಪಾಲಾಯಿತು. 1817ರಲ್ಲಿ ಅವಳನ್ನು ಮದುವೆಯಾದ ಜೇಮ್ಸ್ ಸ್ಟೂವರ್ಟ್ ತನ್ನ ಹೆಸರಿಗೆ ಹೆಂಡತಿಯ ಕುಲನಾಮವನ್ನು ಜೋಡಿಸಿಕೊಂಡು ಸ್ಟೂವರ್ಟ್-ಮೆಕೆಂಜಿ ಆದ, ಮುಂದೆ ಆ ಹೆಸರಿನಲ್ಲಿಯೇ ಸಿಂಹಳದ ಗವರ್ನರನೂ ಆದ. ಹೆಸರು ಇಲ್ಲಿ ರಕ್ತದ ಬೆನ್ನು ಹತ್ತಿ ಹೋಗಲಿಲ್ಲ, ಭೂಮಿಯ ಬೆನ್ನು ಹತ್ತಿ ಹೋಯಿತು.

ಲಿಪಿಪ್ರಿಯ:
ಮೂವರಿಗೂ ಕೃತಜ್ಞತೆಗಳು. ಗೋತ್ರವನ್ನೂ ಫಿಟ್ಸ್‌ಜೆರಾಲ್ಡ್‌ನನ್ನೂ ಕೈಬಿಟ್ಟಿದ್ದೇನೆ. ಆದರೆ ಉಚ್ಚಾರಣೆಯ ಪ್ರಶ್ನೆ ಹಾಗೆಯೇ ಉಳಿಯಿತು. ‘ಮೆಕೆಂಜಿ’ ಎಂಬುದು ಮೂಲವಲ್ಲ ಎಂದರೆ ಏನರ್ಥ?

ಶಾರದಾ ಟೀಚರ್:
ಈ ಪ್ರಶ್ನೆಗಾಗಿಯೇ ಕಾಯುತ್ತಿದ್ದೆ. ಗೇಲಿಕ್‌ನಲ್ಲಿ ಮೂಲ ವ್ಯಕ್ತಿನಾಮ ‘ಕೊಞಖ್’ ಎಂಬುದಕ್ಕೆ ಹತ್ತಿರವಾಗಿ ಕೇಳಿಸುತ್ತದೆ, ಸುಂದರ ಎಂದು ಅದರ ಅರ್ಥ. ಅದನ್ನೇ ಇಂಗ್ಲಿಷಿನಲ್ಲಿ ‘ಕೆನೆತ್’ ಎನ್ನುತ್ತಾರೆ. ಅವನ ಮಗ ‘ಮಾಕ್-ಕೊಞಿಖ್’. ನಡುವಿನ ಧ್ವನಿಯನ್ನು ಗಮನಿಸಿ. ಅದು ನಮ್ಮ ವರ್ಣಮಾಲೆಯ ಚವರ್ಗದ ಕೊನೆಯಲ್ಲಿ ಕುಳಿತು, ಸಂಸ್ಕೃತದ ಒತ್ತಕ್ಷರಗಳನ್ನು ಬಿಟ್ಟರೆ ಹೊಸಗನ್ನಡದಲ್ಲಿ ಹೆಚ್ಚುಕಡಿಮೆ ಕೆಲಸವೇ ಇಲ್ಲದ ‘ಞ’ಕಾರ. ಇಂಗ್ಲಿಷಿಗೆ ಹತ್ತಿರವಾದ ಸ್ಕಾಟ್ಸ್ ಭಾಷೆಯ ಲಿಪಿಕಾರರು ಈ ಧ್ವನಿಯನ್ನು ನಕಾರದ ಮುಂದೆ ‘ಯೋಗ್’ ಎಂಬ ಅಕ್ಷರವನ್ನಿಟ್ಟು ಬರೆಯುತ್ತಿದ್ದರು. 3ರ ಅಂಕಿಯನ್ನು ಗೆರೆಯಿಂದ ಸ್ವಲ್ಪ ಕೆಳಕ್ಕೆ ಜೋಲುಬಿಟ್ಟರೆ ಹೇಗೋ ಹಾಗೆ ಅದರ ಆಕಾರ. ಅಚ್ಚುಕೂಟಗಳು ಬಂದಾಗ ಆ ಅಕ್ಷರದ ಅಚ್ಚುಮೊಳೆ ಅವುಗಳಲ್ಲಿ ಇರಲಿಲ್ಲ. ಬಾಲವುಳ್ಳ ಜ಼ೆಡ್ ನೋಡಲು ಅದರಂತೆಯೇ ಇದ್ದುದರಿಂದ ಮುದ್ರಕರು ಅದನ್ನೇ ಜೋಡಿಸಿದರು. ಕ್ರಮೇಣ ಜನರು ಅಚ್ಚಿನಲ್ಲಿ ಕಂಡದ್ದನ್ನು ಕಂಡಂತೆಯೇ ಓದಿದರು, ‘ಞಿ’ ಹೋಗಿ ‘ಜ಼ಿ’ ಆಯಿತು.

ಇದಕ್ಕೆ ಸಾಕ್ಷಿ ಉಳಿದಿದೆ. ಹದಿನೇಳನೆಯ ಶತಮಾನದಲ್ಲಿ ಕವನಂಟರ್ ಎಂಬ ಪ್ರೊಟೆಸ್ಟಂಟ್ ಕ್ರೈಸ್ತ ಪಂಥದವರನ್ನು ನಿರ್ದಯವಾಗಿ ಶಿಕ್ಷೆಗೆ ಗುರಿಪಡಿಸಿದ ಸರಕಾರಿ ವಕೀಲ ಸರ್ ಜಾರ್ಜ್ ಮೆಕೆಂಜಿಯ ಸಮಾಧಿ ಎಡಿನ್‌ಬರೋದ ಗ್ರೇಫ್ರಯರ್ಸ್ ಸ್ಮಶಾನದಲ್ಲಿದೆ. ಅದರ ಬಾಗಿಲ ಬಳಿ ಮಕ್ಕಳು ಅವನನ್ನು ಕೆಣಕಿ ಕೂಗುತ್ತಿದ್ದ ಪದ್ಯದಲ್ಲಿ ಅವನ ಹೆಸರು ‘ಮಕಿಂಗಿ’ ಎಂದಿದೆ, ಅದರಲ್ಲಿ ‘ಜಿ’ಯ ಸದ್ದೇ ಇಲ್ಲ. ಇದೇ ಅಕ್ಷರವುಳ್ಳ ‘ಮೆಂಜ಼ೀಸ್’ ಕುಲನಾಮವನ್ನು ಸ್ಕಾಟ್ಲೆಂಡಿನಲ್ಲಿ ಇಂದಿಗೂ ‘ಮಿಂಗಿಸ್’ ಎನ್ನುವವರಿದ್ದಾರೆ.

ಮಲೆನಾಡಿಗ:
ಇಷ್ಟು ಹೊತ್ತು ಮೌನವಾಗಿ ಓದುತ್ತಿದ್ದೆ. ಮೂಲ ಉಚ್ಚಾರಣೆ ಇಷ್ಟು ಸ್ಪಷ್ಟವಾಗಿರುವಾಗ ಮುದ್ರಕರ ತಪ್ಪನ್ನು ನಾವೇಕೆ ಹೊತ್ತು ತಿರುಗಬೇಕು? 2014ರ ರಾಜ್ಯೋತ್ಸವದಂದು ನಾವು ಬ್ಯಾಂಗಲೋರನ್ನು ಬೆಂಗಳೂರು, ಶಿಮೊಗವನ್ನು ಶಿವಮೊಗ್ಗ ಎಂದು ಅಧಿಕೃತವಾಗಿ ಸರಿಪಡಿಸಲಿಲ್ಲವೇ? ಮಲಯಾಳದ ೞಕಾರಕ್ಕೆ ರೋಮನ್ ಲಿಪಿಯಲ್ಲಿ ಜ಼ೆಡ್ ಮತ್ತು ಎಚ್ ಬಳಸಿದ್ದನ್ನು ಕಂಡು ಆಲಪ್ಪುಳವನ್ನು ‘ಆಲಪ್ಪುಝ’ ಎಂದು ಬರೆಯುವ ಪತ್ರಿಕೆಗಳನ್ನು ನಾವೇ ತಿದ್ದುತ್ತೇವೆ. ‘ಞ’ ಎಂಬ ಅಕ್ಷರ ನಮ್ಮ ಕೈಯಲ್ಲೇ ಇದೆ. ‘ಮಕೆಞಿ’ ಎಂದು ಬರೆಯುವ ಭಾಗ್ಯ ರೋಮನ್ ಲಿಪಿಯವರಿಗಿಲ್ಲ, ನಮಗಿದೆ.

ಕಡತಗಾರ:
ಮಲೆನಾಡಿಗರೇ, ನಿಮ್ಮ ಹೋಲಿಕೆ ಚೆಂದವಾಗಿದೆ, ಆದರೆ ಇಲ್ಲಿಗೆ ಒಗ್ಗುವುದಿಲ್ಲ. ಬೆಂಗಳೂರಿನವರು ಎಂದೂ ಬೆಂಗಳೂರೆಂದೇ ಹೇಳುತ್ತಿದ್ದರು, ಆಲಪ್ಪುಳದವರ ಬಾಯಲ್ಲಿ ಇಂದಿಗೂ ಆ ಧ್ವನಿ ಇದೆ. ನಾವು ತಿದ್ದಿದ್ದು ಹೊರಗಿನವರ ಬರಹವನ್ನು. ಮೆಕೆಂಜಿಗಳಾದರೋ ಇಂಗ್ಲಿಷ್ ಮಾತಾಡುವಾಗ ತಮ್ಮನ್ನು ತಾವೇ ಜ಼ೆಡ್ ಸೇರಿಸಿ ಕರೆದುಕೊಳ್ಳುತ್ತಾರೆ. ನಮ್ಮ ಭಾಷೆಯಲ್ಲಿಯೇ ‘ಏೞು’ ‘ಏಳು’ ಆಯಿತು, ‘ಆಱು’ ‘ಆರು’ ಆಯಿತು. ಹಳಗನ್ನಡದಲ್ಲಿ ಹೀಗಿತ್ತೆಂದು ಇಂದಿನ ಯಾರ ಹೆಸರನ್ನೂ ನಾವು ತಿದ್ದುವುದಿಲ್ಲ. ಕೈಫಿಯತ್ತುಗಳನ್ನು ಅರಸಿ ಬರುವ ಓದುಗ ಗ್ರಂಥಾಲಯದ ಸೂಚಿಯಲ್ಲಿ ‘ಮಕೆಞಿ’ ಎಂದು ಹುಡುಕಿದರೆ ಅವನಿಗೆ ಒಂದು ಪುಸ್ತಕವೂ ಸಿಗಲಾರದು.

ಮಲೆನಾಡಿಗ:
ಗ್ರಂಥಸೂಚಿಯ ಮಾತನ್ನು ಒಪ್ಪುತ್ತೇನೆ. ಆದರೆ ‘ಏೞು’ ‘ಏಳು’ ಆದದ್ದು ಜನರ ನಾಲಿಗೆಯ ಮೇಲೆ, ಶತಮಾನಗಳ ಬಳಕೆಯಲ್ಲಿ. ಮೆಕೆಂಜಿಯದು ಅಚ್ಚುಮೊಳೆಯ ಕೊರತೆಯಿಂದ ಆದದ್ದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನನಗೆ ಈಗಲೂ ಸರಿಕಾಣದು.

ಇನ್ವರ್ನೆಸ್ ಕನ್ನಡಿಗ:
ನಾನು ಹೇಳಿದ ಹಿರಿಯರು ಇಂಗ್ಲಿಷಿನಲ್ಲಿ ಮಾತಾಡುವಾಗ ಜ಼ೆಡ್ ಉಚ್ಚರಿಸುತ್ತಾರೆ, ಗೇಲಿಕ್‌ಗೆ ಹೊರಳಿದ ಕೂಡಲೇ ‘ಞ’ ಉಚ್ಚರಿಸುತ್ತಾರೆ. ಅವರಿಗೆ ಎರಡೂ ತಮ್ಮ ಹೆಸರೇ.

ಲಿಪಿಪ್ರಿಯ:
ಹಾಗಾದರೆ ಪುಸ್ತಿಕೆಯುದ್ದಕ್ಕೂ ‘ಮೆಕೆಂಜಿ’ ಎಂದೇ ಇರಲಿ. ಪರಿಚಯದ ಮೊದಲ ಸಾಲಿನಲ್ಲಿ ಮಾತ್ರ “ಗೇಲಿಕ್‌ನಲ್ಲಿ ಮಾಕ್-ಕೊಞಿಖ್” ಎಂದು ಒಮ್ಮೆ ಸೇರಿಸುತ್ತೇನೆ. ಅಚ್ಚುಕೂಟದವರಿಗೆ ‘ಞ’ ಅಕ್ಷರವನ್ನು ‘ಇ’ ಎಂದೋ ‘ಜ್ಞ’ ಎಂದೋ ಬದಲಿಸಬೇಡಿರೆಂದು ಕರಡಿನ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದೇನೆ.

ಶಾರದಾ ಟೀಚರ್:
ಅಷ್ಟು ಸಾಲದು, ಎರಡನೆಯ ಕರಡನ್ನೂ ತರಿಸಿ ನೋಡಿ.