ಅಪ್‌ಡೇಟ್: ಏರ್ ರೈಫಲ್ ಸರಿಯಾಯ್ತು, ಹೋಗಿದ್ದು ಸೀಲ್ ಅಲ್ಲ

10 ಮೀಟರ್ ದೂರದ ಗುರಿಗೂ ಪೆಲೆಟ್ (ಸಣ್ಣ ಗುಂಡು) ಕೆಳಗೆ ಬೀಳ್ತದೆ, ಸ್ಪ್ರಿಂಗ್ ಬಿಗಿಯಲು ನಳಿಗೆ ಮಡಚುವಾಗ ಕರಕರ ಸದ್ದು ಬರ್ತದೆ ಅಂತ ನನ್ನ 4.5 ಮಿಲಿಮೀಟರ್ ಸ್ಪ್ರಿಂಗ್ ಏರ್ ರೈಫಲ್ ಬಗ್ಗೆ ಕೇಳಿದ್ದೆ. ಇದರಲ್ಲಿ ಸ್ಪ್ರಿಂಗ್ ಪಿಸ್ಟನ್ನನ್ನು ತಳ್ಳಿ ಗಾಳಿ ಒತ್ತುತ್ತದೆ, ಆ ಗಾಳಿಗೆ ಪೆಲೆಟ್ ಹಾರ್ತದೆ. ಹೆಚ್ಚಿನವರು ಸೀಲ್ (ಗಾಳಿ ಸೋರದಂತೆ ತಡೆಯುವ ಭಾಗ) ಹೋಗಿದೆ ಎಂದಿದ್ದಿರಿ.

ನಳಿಗೆ ಕೂಡುವ ಜಾಗದ ಮೇಲೆ ಟಿಶ್ಯೂ ಪೇಪರ್ ಚೂರು ಇಟ್ಟು ಹೊಡೆದು ನೋಡಿದೆ. ಅಲ್ಲಿ ಗಾಳಿ ಸೋರಿದರೆ ಅದು ಹಾರಬೇಕು. ಅಲ್ಲಾಡಲೇ ಇಲ್ಲ. ಹಾಗಾದ್ರೆ ತೊಂದರೆ ಒಳಗೇ ಅಂತ ಮಂಗಳೂರಿನಲ್ಲಿ ಕೋವಿ ರಿಪೇರಿಯವರಿಗೆ ಕೊಟ್ಟೆ.

ಸ್ಪ್ರಿಂಗ್ ಒತ್ತಿ ಹಿಡಿಯುವ ಕ್ಲ್ಯಾಂಪ್ ಹಾಕಿಯೇ ಬಿಚ್ಚಿದರು. ಮನೆಯಲ್ಲಿ ಸುಮ್ನೆ ಸ್ಕ್ರೂಡ್ರೈವರ್ ಹಿಡಿದು ಮಾಡುವ ಕೆಲಸ ಅಲ್ಲ ಮಾರಾಯ್ರೆ, ಸ್ಪ್ರಿಂಗ್ ಹಾರಿದರೆ ಮುಖಕ್ಕೇ! ಒಳಗೆ ಕೊನೆಯ ಸುರುಳಿ ತುಂಡಾಗಿ ಪಕ್ಕದ್ದರೊಳಗೆ ಸಿಕ್ಕಿಕೊಂಡಿತ್ತು. ಮುರಿದ ತುದಿಯಲ್ಲಿ ತುಕ್ಕು. ನಮ್ಮ ಕರಾವಳಿಯ ಮಳೆಗಾಲ, ಕೇಳಬೇಕಾ? "ಮಡಚಿ ಗಂಟೆಗಟ್ಟಲೆ ಇಟ್ಟರೂ, ಪೆಲೆಟ್ ಇಲ್ಲದೆ ಹೊಡೆದರೂ ಹೀಗೇ ಆಗ್ತದೆ" ಅಂದರು. ಇದು ಸೆಕೆಂಡ್ ಹ್ಯಾಂಡ್, ಹಿಂದಿನವರು ಏನೆಲ್ಲ ಮಾಡಿದ್ದರೋ.

ಹೇಗೂ ಬಿಚ್ಚಿದ್ದಾಗಿದೆ ಅಂತ ಸ್ಪ್ರಿಂಗ್ ಜೊತೆ ಪಿಸ್ಟನ್ ಸೀಲ್ ಕೂಡ ಹೊಸದು ಹಾಕಿಸಿದೆ. ಗ್ರೀಸ್ ಮಾತ್ರ ತೆಳುವಾಗಿ. ಜಾಸ್ತಿಯಾದರೆ ಗಾಳಿ ಒತ್ತುವಾಗ ಒಳಗೇ ಹೊತ್ತಿಕೊಂಡು ಹೊಗೆ ಬರ್ತದಂತೆ. ಈಗ ಕರಕರ ಇಲ್ಲ, ಪೆಲೆಟ್ ಒಂದೇ ಕಡೆ ಬೀಳ್ತದೆ. ಗುರಿ ನೋಡುವ ಸ್ಕೋಪ್ ಮತ್ತೆ ಹೊಂದಿಸುವುದು ಬಾಕಿ.