ಸಹಾಯ ಬೇಕು: ಪಾರ್ಕ್ ಕೆಲಸ ಹೋದ ತಮ್ಮನ ಪಿಎಫ್ ವಿಚಾರ

ನಮಸ್ಕಾರ್ರೀ. ನಾನು ಹುಬ್ಬಳ್ಳಿಯಲ್ಲಿದ್ದೇನೆ, ಊರು ಬ್ಯಾಡಗಿ. ನನ್ನ ತಮ್ಮ ಬೆಂಗಳೂರಿನ ಕಡೆ ಒಂದು ಅಮ್ಯೂಸ್‌ಮೆಂಟ್ ಪಾರ್ಕಿನಲ್ಲಿ ರೈಡ್ ಆಪರೇಟರ್ ಆಗಿದ್ದ. ಗುತ್ತಿಗೆ ಕೆಲಸ.

ಇಂಥ ಪಾರ್ಕುಗಳಿಗೆ ಏಪ್ರಿಲ್-ಮೇ ರಜೆಯೇ ಸುಗ್ಗಿ. 2020ರ ಸುಗ್ಗಿ ಲಾಕ್‌ಡೌನ್‌ನಲ್ಲಿ ಹೋಯಿತು. ಅಕ್ಟೋಬರ್ 15ರಿಂದ ತೆರೆಯಲು ಕೇಂದ್ರ ಒಪ್ಪಿತು, ಆದರೆ 2021ರ ಬೇಸಿಗೆಗೆ ಎರಡನೇ ಅಲೆ ಬಂತು. ಜನ ಬರಲಿ ಬಿಡಲಿ, ಯಂತ್ರಗಳನ್ನು ನೋಡಿಕೊಳ್ಳುವ ಖರ್ಚು ನಿಲ್ಲಲ್ಲ. ಮೊದಲು ಕೆಲಸ ಹೋಗುವುದು ಗುತ್ತಿಗೆಯವರದೇ. ಡಿಸ್ನಿಯೇ 2020ರಲ್ಲಿ ಅಮೆರಿಕದಲ್ಲಿ 28,000 ಜನರನ್ನು ತೆಗೆಯುವುದಾಗಿ ಹೇಳಿತ್ತು. ಅದರಲ್ಲೂ ಮೂರರಲ್ಲಿ ಎರಡು ಪಾಲು ಪಾರ್ಟ್‌ಟೈಮ್‌ನವರು. ನಮ್ಮ ಜಾತ್ರೆ ತೊಟ್ಟಿಲಿನವರ ಪಾಡು ಇನ್ನೂ ಕಷ್ಟ ಬಿಡಿ, ಅವರಿಗೆ ಪಿಎಫ್ ಎಲ್ಲಿಂದ ಬರಬೇಕು?

ತಮ್ಮನಿಗೆ ಪಿಎಫ್ ಇದೆ, ಆದರೆ ತೆಗೆಯಲು ಆಗುತ್ತಿಲ್ಲ. ಆಧಾರ್‌ನಲ್ಲಿ ಇರುವ ಹೆಸರು ಯುಎಎನ್‌ನಲ್ಲಿ, ಅಂದ್ರೆ ಪಿಎಫ್ ಸದಸ್ಯರ ನಂಬರಿನ ದಾಖಲೆಯಲ್ಲಿ, ಬೇರೆ ಥರ ಬಿದ್ದಿದೆ. ಕೆಲಸ ಬಿಟ್ಟ ತಾರೀಖನ್ನು ಎರಡು ತಿಂಗಳ ನಂತರ ನಾವೇ ಆನ್‌ಲೈನ್‌ನಲ್ಲಿ ಹಾಕಬಹುದಂತೆ, ಸರಿ. ತಮ್ಮನ ಹೆಸರು ತಿದ್ದಲು ಮಾತ್ರ ಗುತ್ತಿಗೆದಾರರ ಸಹಿ ಕೇಳಿದ್ದಾರೆ. ಅವರು ಫೋನೇ ಎತ್ತಲ್ಲ. ಹುಬ್ಬಳ್ಳಿ ನವನಗರದ ಪಿಎಫ್ ಆಫೀಸಿನಲ್ಲಿ ಅರ್ಜಿ ತೆಗೆದುಕೊಳ್ಳುತ್ತಾರಾ, ಬೆಂಗಳೂರಿಗೇ ಹೋಗಬೇಕಾ? ಮಾಡಿಸಿಕೊಂಡವರು ಇದ್ದರೆ ದಯವಿಟ್ಟು ಹೇಳಿ.

ಇನ್ನೊಂದು ಮಾತು. ಅವನಿಗೆ ಮೋಟರ್, ಪಂಪ್, ಸೇಫ್ಟಿ ಚೆಕ್ ಎಲ್ಲಾ ಚೆನ್ನಾಗಿ ಗೊತ್ತು. ಈಗ ಸುಮ್ನೆ ಮೆಣಸಿನಕಾಯಿ ಚೀಲ ಹೊರುತ್ತಿದ್ದಾನೆ. ಬ್ಯಾಡಗಿ ಕೋಲ್ಡ್ ಸ್ಟೋರೇಜ್‌ಗಳಲ್ಲೋ, ಹುಬ್ಬಳ್ಳಿಯಲ್ಲಿ ಲಿಫ್ಟ್ ರಿಪೇರಿಯವರ ಹತ್ತಿರವೋ ಕೆಲಸ ಇದ್ದರೆ ಇಲ್ಲೇ ತಿಳಿಸಿ. ಸಂಬಳ ಆಮೇಲೆ ಮಾತಾಡೋಣ.