ಸಮುದ್ರಕ್ಕೆ ಬಿದ್ದ ಯುದ್ಧ ವಿಮಾನ ಮೇಲೆತ್ತೂದಿಲ್ಲ ಎಂತಕ್ಕೆ?

ಕೋಡಿಬಾಗ ಹುಡ್ಗ:
ಕಾರವಾರ ಟ್ಯಾಗೋರ್ ಬೀಚಲ್ಲಿ ಚಾಪೆಲ್ ಹಡಗಿನ ಹತ್ರ ಟುಪೊಲೆವ್ ವಿಮಾನ ನಿಲ್ಸಿದಾರಲ್ಲ, ನೇವಿಯವ್ರು 2017ರಲ್ಲಿ ರಿಟೈರ್ ಮಾಡಿದ್ದು, ಅದನ್ನ ನೋಡ್ಕಂಡು ಬಂದ್ಮೇಲೆ ಒಂದು ಡೌಟು. ಎರಡನೇ ಮಹಾಯುದ್ಧದಲ್ಲಿ ಸಮುದ್ರಕ್ಕೆ ಬಿದ್ದ ವಿಮಾನ ಎಷ್ಟೋ ಕಡೆ ತಳದಲ್ಲೇ ಇದೆಯಂತೆ, ಎಲ್ಲಿದೆ ಅಂತನೂ ಗೊತ್ತು, ಮತ್ತೆ ಎತ್ತಿ ತಂದು ಹೀಗೇ ನಿಲ್ಸೂದಿಲ್ಲ ಎಂತಕ್ಕೆ? ಅಲ್ಯೂಮಿನಿಯಂಗೆ ತುಕ್ಕು ಹಿಡಿಯೂದಿಲ್ಲ ಅಲ್ದಾ?

ಉಪ್ಪುನೀರು:
ಕೆಂಪಗೆ ಕಾಣೂದಿಲ್ಲ ಅಷ್ಟೇ ಮಾರಾಯ, ಒಳಗೊಳಗೇ ತಿಂತದೆ. ವಿಮಾನದ್ದು ತಾಮ್ರ ಬೆರೆಸಿದ ಅಲ್ಯೂಮಿನಿಯಂ, ಮೇಲಿಂದ ಸ್ಟೀಲ್ ಬೋಲ್ಟು, ಉಪ್ಪುನೀರಲ್ಲಿ ಇವೆಲ್ಲ ಸೇರಿ ಬ್ಯಾಟರಿ ಥರ ಕೆಲಸ ಮಾಡಿ ಅಲ್ಯೂಮಿನಿಯಂ ಕರಗ್ತಾ ಹೋಗ್ತದೆ. ಮರಳಲ್ಲಿ ಹೂತಿದ್ರೆ ಆಕ್ಸಿಜನ್ ಕಮ್ಮಿ, ಸ್ವಲ್ಪ ನಿಧಾನ. ಎತ್ತಿ ಗಾಳಿಗಿಟ್ರೆ ಒಳಗೆ ಕೂತ ಉಪ್ಪು ತಿನ್ನೂದು ಬಿಡೂದಿಲ್ಲ. 1940ರಲ್ಲಿ ಬಿದ್ದ ಜರ್ಮನಿಯ ಡಾರ್ನಿಯರ್ 17 ಬಾಂಬರನ್ನ 2013ರಲ್ಲಿ ಇಂಗ್ಲೆಂಡಿನ ಗುಡ್ವಿನ್ ಸ್ಯಾಂಡ್ಸ್ ಅನ್ನೋ ಸಮುದ್ರದ ಮರಳು ದಿಬ್ಬದಿಂದ ಎತ್ತಿದ್ರು. ಸೀದಾ ಶೋಗೆ ಇಡ್ಲಿಲ್ಲ, ಕಾಸ್ಫರ್ಡ್‌ನ ಮ್ಯೂಸಿಯಂನಲ್ಲಿ ಟನಲ್ ಥರದ ಶೆಡ್ ಹಾಕಿ ವರ್ಷಗಟ್ಟಲೆ ಸಿಟ್ರಿಕ್ ಆಸಿಡ್ ಸೇರಿಸಿದ ನೀರು ಸಿಂಪಡಿಸ್ತಾ ಕೂತ್ರು. ಆ ಖರ್ಚು ಯಾರು ಹಾಕ್ತಾರೆ ಹೇಳಿ.

ಶಿರಸಿ ಮೇಷ್ಟ್ರು:
ಖರ್ಚು ಆಮೇಲಿನ ಮಾತು, ಅದ್ರೊಳಗೆ ಸತ್ತ ಪೈಲಟ್ ಇರಬಹುದಲ್ಲ? ಬ್ರಿಟನ್‌ನಲ್ಲಿ 1986ರ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ದೆ ಮುಟ್ಟೂ ಹಾಗಿಲ್ಲ. ಅಮೆರಿಕದ್ದು 2004ರ ಕಾನೂನು, ಎಷ್ಟು ವರ್ಷ ಆದ್ರೂ ಅವ್ರ ಮಿಲಿಟರಿ ವಿಮಾನ ಅವ್ರ ಸರ್ಕಾರದ್ದೇ. ಮತ್ತೆ ಪುರಾತತ್ವದವ್ರಿಗೆ ಬರೀ ಲೋಹ ಸಿಕ್ಕಿದ್ರೆ ಉಪಯೋಗ ಇಲ್ಲ, ರೆಕ್ಕೆ ಎಲ್ಲಿ ಮುರಿದಿದೆ, ಕಾಕ್‌ಪಿಟ್‌ನಲ್ಲಿ ಯಾವ ಲಿವರ್ ಯಾವ ಕಡೆ ಇದೆ, ನೀರಿಗಿಳಿಯೋ ವಿಮಾನ ಆದ್ರೆ ಆಂಕರ್ ಎಲ್ಲಿ ಬಿದ್ದಿದೆ ಅನ್ನೂದ್ರಲ್ಲೇ ಕತೆ ಇರ್ತದೆ. ಹವಾಯಿಯ ಕನಿಯೊಹೆ ಕೊಲ್ಲಿಯಲ್ಲಿ 1941 ಡಿಸೆಂಬರ್ 7ರ ದಾಳಿಗೆ ಮುಳುಗಿದ ಕ್ಯಾಟಲಿನಾ ಅನ್ನೋ ನೀರಿಗಿಳಿಯೋ ಅಮೆರಿಕನ್ ವಿಮಾನ ಇದೆ, ಪರ್ಲ್ ಹಾರ್ಬರ್ ದಾಳಿ ದಿನವೇ. 1994ರಲ್ಲಿ ಯೂನಿವರ್ಸಿಟಿ ಹುಡ್ಗರು ಇಳಿದಾಗ ನೀರು ರಾಡಿ, ಸರಿ ಕಾಣ್ಲಿಲ್ಲ, 2015ರಲ್ಲಿ ಮತ್ತೆ ಇಳಿದು ಫೋಟೊ, ವಿಡಿಯೊ, ಅಳತೆ ತಗಂಡ್ರು. ಎತ್ತಲಿಲ್ಲ.

ಬೈತಖೋಲ್ ಬೋಟು:
ನಮ್ಮ ದೇಶದ್ದೂ ಒಂದು ಹೇಳ್ಬೇಕು. 2016 ಜುಲೈನಲ್ಲಿ 29 ಜನ ಇದ್ದ ಏರ್‌ಫೋರ್ಸ್ ಎಎನ್-32 ವಿಮಾನ ಬಂಗಾಳ ಕೊಲ್ಲಿ ಮೇಲೆ ಕಾಣೆಯಾಯ್ತಲ್ಲ, ಅದ್ರ ಅವಶೇಷ ಗೊತ್ತಾಗಿದ್ದು 2024ರಲ್ಲಿ, ಸುಮಾರು 3400 ಮೀಟರ್ ಆಳದಲ್ಲಿ, ಮನುಷ್ಯ ಇಲ್ದೆ ತಾನೇ ಓಡೋ ಮಷಿನ್ ಸೋನಾರ್ (ಶಬ್ದ ಬಿಟ್ಟು ಪ್ರತಿಧ್ವನಿಯಿಂದ ಹುಡ್ಕೂದು) ಹಾಕಿ ಫೋಟೊ ತೆಗೆದಿದ್ದು. ಇನ್ನು ಕಮ್ಮಿ ಆಳದಲ್ಲಿ ಇದ್ದಿದ್ದಕ್ಕೆ ನಾವು ಮೀನುಗಾರರೇ ಶತ್ರು, ತಳ ಗೀರೋ ಟ್ರಾಲ್ ಬಲೆ ಸಿಕ್ಕಿ ಎಳೆದ್ರೆ ಮುಗೀತು. ಯಾರ ಬಲೆಗಾದ್ರೂ ಹಳೇ ಲೋಹದ ತುಂಡು ಸಿಕ್ರೆ ದಯವಿಟ್ಟು ಗುಜರಿಗೆ ಹಾಕ್ಬೇಡಿ, ಒಡೀಲಿಕ್ಕಂತೂ ಹೋಗ್ಬೇಡಿ, ಬಾಂಬ್ ಇರ್ತದೆ ಕೆಲವೊಮ್ಮೆ. ಜಿಪಿಎಸ್ ಪಾಯಿಂಟ್ ಬರ್ಕಂಡು ಕರಾವಳಿ ಕಾವಲು ಪೊಲೀಸ್ರಿಗೆ ಹೇಳಿ.

ಕೋಡಿಬಾಗ ಹುಡ್ಗ:
ಥ್ಯಾಂಕ್ಸ್ ಎಲ್ರಿಗೂ. ನೇತ್ರಾಣಿ ದ್ವೀಪಕ್ಕೆ ಡೈವಿಂಗ್ ಹೋದ್ರೆ ಏನಾದ್ರೂ ಸಿಗ್ಬಹುದಾ?

ಉಪ್ಪುನೀರು:
ಅಲ್ಲಿ ಮೀನು, ಹವಳ ನೋಡ್ಕಂಡು ಬಾ ಸಾಕು. ಮಳೆಗಾಲದಲ್ಲಿ ಮಾತ್ರ ಹೋಗ್ಬೇಡ, ಬೋಟೇ ಬಿಡೂದಿಲ್ಲ.